ಸ್ಟೋಮಾ ಪಕ್ಕದ ಹರ್ನಿಯಾ: ಹೊಟ್ಟೆ ಕೊಯ್ಯದೆ ಮೆಶ್ ಹಾಕುವುದು ಹೇಗೆ?

ದೊಡ್ಡ ಕರುಳಿನ ಕ್ಯಾನ್ಸರ್ ಮೊದಲಾದ ಕಾರಣಗಳಿಗಾಗಿ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಕಟ್ಟಿಕೊಂಡವರಲ್ಲಿ, ಆ ಬಾಯಿಯ (ಸ್ಟೋಮಾ) ಸುತ್ತ ಹರ್ನಿಯಾ ಉಬ್ಬಿಕೊಳ್ಳುವುದು ತೀರಾ ಸಾಮಾನ್ಯ. ಕರುಳನ್ನು ಹೊರತರಲು ಸ್ನಾಯುವಿನಲ್ಲಿ ಬಿಟ್ಟ ಕಿಂಡಿ ಕ್ರಮೇಣ ಹಿಗ್ಗಿ, ಒಳಗಿನ ಕರುಳು ಅದೇ ದಾರಿಯಲ್ಲಿ ನುಸುಳುವುದೇ ಇದಕ್ಕೆ ಕಾರಣ. ಎಲ್ಲ ಉಬ್ಬಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ನೋವಿದ್ದರೆ, ಚೀಲ ಸರಿಯಾಗಿ ಅಂಟದೆ ಪದೇ ಪದೇ ಸೋರುತ್ತಿದ್ದರೆ ಯೋಚಿಸಬೇಕು. ಆದರೆ ಸ್ಟೋಮಾದಿಂದ ಮಲ, ಗಾಳಿ ಹೊರಬರುವುದು ನಿಂತು ವಾಂತಿ ಶುರುವಾದರೆ ಅದು ತುರ್ತುಸ್ಥಿತಿ, ಕಾಯುವಂತಿಲ್ಲ.

ಮೊದಲಿಗೆ ಸಿ.ಟಿ. ಸ್ಕ್ಯಾನ್ ಮಾಡಿಸಿ ಕಿಂಡಿಯ ಅಳತೆಯನ್ನೂ ಅದರೊಳಗೆ ಏನು ಸಿಕ್ಕಿಕೊಂಡಿದೆ ಎಂಬುದನ್ನೂ ನೋಡುತ್ತಾರೆ. ಧೂಮಪಾನವನ್ನು ಮುಂಚಿತವಾಗಿಯೇ ನಿಲ್ಲಿಸಬೇಕು.

ಪೂರ್ಣ ಅರಿವಳಿಕೆ ಕೊಟ್ಟ ಬಳಿಕ, ಮಲ ಹರಡದಂತೆ ಸ್ಟೋಮಾವನ್ನು ಮುಚ್ಚಿ, ಅದರ ಎದುರು ಬದಿಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರಗಳನ್ನು ಮಾಡಿ, ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ ಕ್ಯಾಮೆರಾ ಇಳಿಸುತ್ತಾರೆ. ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಮುಂದಿನ ಹಂತ. ಹಳೆಯ ಆಪರೇಷನ್ನಿನಿಂದ ಹೊಟ್ಟೆಯ ಗೋಡೆಗೆ ಅಂಟಿಕೊಂಡ ಕರುಳನ್ನು ಕತ್ತರಿಯಿಂದ ಎಳೆ ಎಳೆಯಾಗಿ ಬಿಡಿಸಬೇಕು. ಕರುಳಿನ ಹತ್ತಿರ ವಿದ್ಯುತ್ ಉಪಕರಣದ ಶಾಖ ತಾಗಬಾರದು. ಕರುಳು ತೂತಾಗಿ ಮಲ ಸೋರಿದರೆ, ಮೆಶ್‌ಗೆ (ಕಿಂಡಿ ಮುಚ್ಚುವ ಕೃತಕ ಬಲೆಗೆ) ಸೋಂಕು ತಗಲುವ ಭಯವಿರುವುದರಿಂದ ಸಾಮಾನ್ಯವಾಗಿ ಅದನ್ನು ಹಾಕುವುದನ್ನು ಮುಂದೂಡುತ್ತಾರೆ.

ನುಸುಳಿದ ಕರುಳನ್ನು ಒಳಗೆಳೆದ ಮೇಲೆ, ಸುರುಳಿ ಸುತ್ತಿದ ಮೆಶ್ ಅನ್ನು ರಂಧ್ರದ ಮೂಲಕ ಒಳಗೆ ಸೇರಿಸಿ ಬಿಚ್ಚುತ್ತಾರೆ. ಕರುಳನ್ನು ತಾಗುವ ಅದರ ಮುಖ ಅಂಟದಂಥದ್ದಾಗಿರಬೇಕು. ಮೆಶ್‌ನ ನಡುವೆ ತೂತು ಕತ್ತರಿಸಿ ಕರುಳಿನ ಸುತ್ತ ಕೂರಿಸುವುದು ಒಂದು ವಿಧಾನವಾದರೂ, ಆ ತೂತೇ ಮುಂದೆ ಹಿಗ್ಗಿ ಹರ್ನಿಯಾ ಮರಳುವ ಸಂಭವ ಹೆಚ್ಚು. ಅಮೆರಿಕದ ಶಸ್ತ್ರವೈದ್ಯ ಪಾಲ್ ಶುಗರ್‌ಬೇಕರ್ 1980ರ ದಶಕದಲ್ಲಿ ತೆರೆದ ಶಸ್ತ್ರಚಿಕಿತ್ಸೆಗಾಗಿ ವಿವರಿಸಿದ ವಿಧಾನದಲ್ಲಿ ಮೆಶ್‌ಗೆ ತೂತೇ ಇಲ್ಲ: ಸ್ಟೋಮಾಕ್ಕೆ ಹೋಗುವ ಕರುಳನ್ನು ಗೋಡೆಯುದ್ದಕ್ಕೂ ಪಕ್ಕಕ್ಕೆ ಮಲಗಿಸಿ, ಕಿಂಡಿಯ ಅಂಚಿನಿಂದ ಎಲ್ಲ ಕಡೆ ಕನಿಷ್ಠ 5 ಸೆಂ.ಮೀ. ಚಾಚುವ ಅಖಂಡ ಮೆಶ್ ಹೊದಿಸಿ, ಟ್ಯಾಕ್ (ಸಣ್ಣ ಮೊಳೆಯಂಥ ಪಿನ್ನು) ಮತ್ತು ಹೊಲಿಗೆಗಳಿಂದ ಬಿಗಿಯುತ್ತಾರೆ. ಕರುಳು ಹಾಯುವ ಕಡೆ ಮಾತ್ರ ಬಿಗಿ ಮಿತಿಮೀರಬಾರದು, ಮೀರಿದರೆ ಮಲ ಕಟ್ಟಿಕೊಳ್ಳುತ್ತದೆ. ಹೀಗೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಇಳಿಸಿ ಮಾಡುವಾಗಲೂ, ಸಾಧ್ಯವಿರುವ ಕಡೆಯೆಲ್ಲ ಇದೇ ವಿಧಾನ ಮೇಲು ಎನ್ನಬೇಕು.

ಆಪರೇಷನ್ ನಂತರ ಹಳೆಯ ಜಾಗದಲ್ಲಿ ನೀರು ತುಂಬಿ ಉಬ್ಬು ಕಂಡರೆ ಹರ್ನಿಯಾ ಮರಳಿತೆಂದು ಗಾಬರಿಪಡಬೇಡಿ, ವೈದ್ಯರಿಗೆ ತೋರಿಸಿ. ಅದು ಹೆಚ್ಚಾಗಿ ತಾನೇ ಇಂಗುತ್ತದೆ. ಸ್ಟೋಮಾದ ಆಕಾರ ಬದಲಾಗಿರುವುದರಿಂದ ಚೀಲದ ತಟ್ಟೆಯ ಅಳತೆಯನ್ನು ಸ್ಟೋಮಾ ನರ್ಸ್ ಬಳಿ ಹೊಸದಾಗಿ ತೆಗೆಸಿಕೊಳ್ಳಿ.