ಹೊರರೋಗಿ ವಿಭಾಗದ ದುಭಾಷಿಗಳು: ನನ್ನ ಸಂಶೋಧನೆ ನಡೆದ ಬಗೆ

ಬೆಂಗಳೂರಿನ ನನಗೆ ಗೊತ್ತಿರುವ ಸರ್ಕಾರಿ ಆಸ್ಪತ್ರೆಯಲ್ಲಿ ದುಭಾಷಿ ಎಂಬ ಹುದ್ದೆ ಇಲ್ಲ. ದುಭಾಷಿಯ ಕೆಲಸ ಮಾತ್ರ ಚೀಟಿ ಕೊಡುವ ಹೊತ್ತಿನಿಂದ ಬಾಗಿಲು ಹಾಕುವವರೆಗೂ ನಡೆದೇ ಇರುತ್ತದೆ. ಬಿಹಾರ, ಒಡಿಶಾ, ಬಂಗಾಳಗಳಿಂದ ಕಟ್ಟಡ ಕೆಲಸಕ್ಕೆ ಬಂದ ರೋಗಿಗೂ ಕನ್ನಡದ ವೈದ್ಯರಿಗೂ ನಡುವೆ ನಿಂತು ಮಾತು ದಾಟಿಸುವವರು ಆಯಾಗಳು, ಸೆಕ್ಯುರಿಟಿಯವರು, ಒಮ್ಮೊಮ್ಮೆ ಸರದಿಯಲ್ಲಿ ಹಿಂದೆ ನಿಂತ ಇನ್ನೊಬ್ಬ ರೋಗಿ. ನನ್ನ ಪಿಎಚ್‌ಡಿಗೆ ಆರಿಸಿಕೊಂಡದ್ದು ಇವರ ಮಾತನ್ನು.

ಪ್ರಶ್ನಾವಳಿ ಹಂಚಿ ಮುಗಿಸಬಹುದು ಎಂದವರು ಹಲವರು. ಆಯಾ ಪಕ್ಕದಲ್ಲೇ ನಿಂತಿರುವಾಗ ‘ಅವರು ಹೇಳಿದ್ದು ನಿಮಗೆ ಸರಿಯಾಗಿ ಅರ್ಥವಾಯಿತೇ?’ ಎಂದು ಕೇಳಿದರೆ ಯಾವ ರೋಗಿ ಇಲ್ಲ ಎಂದಾನು? ಅಂಥ ಉತ್ತರಗಳನ್ನು ಎಷ್ಟು ಕೂಡಿಸಿ ಕಳೆದರೂ ಸಿಗುವುದು ಸೌಜನ್ಯದ ಲೆಕ್ಕ ಮಾತ್ರ. ಹಾಗಾಗಿ ನಡೆಯುವ ಮಾತನ್ನೇ ಧ್ವನಿಮುದ್ರಿಸುವುದೆಂದು ನಿರ್ಧರಿಸಿದೆ.

ಧ್ವನಿಮುದ್ರಣಕ್ಕೆ ಒಪ್ಪಿಗೆ ಬೇಕು, ಇಲ್ಲಿ ಗಂಟು ಬಿತ್ತು. ವೈದ್ಯಕೀಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2017ರಲ್ಲಿ ಹೊರತಂದ ನೈತಿಕ ಮಾರ್ಗಸೂಚಿಯ ಪ್ರಕಾರ ಒಪ್ಪಿಗೆಯ ವಿವರಣೆ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಓದುಬರಹ ಬಾರದವರಾದರೆ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಎದುರಿಗಿರಬೇಕು. ಆ ಭಾಷೆ ಬಲ್ಲವರು ಅಲ್ಲಿ ಯಾರು? ಅದೇ ಆಯಾ. ನಾನು ಅಧ್ಯಯನ ಮಾಡಬೇಕಾದ ವ್ಯಕ್ತಿಯೇ ನನ್ನ ಪರವಾಗಿ ಒಪ್ಪಿಗೆ ಕೇಳಿದರೆ ಅದು ಒಪ್ಪಿಗೆಯಲ್ಲ, ಒತ್ತಾಯ. ಹಿಂದಿ, ಬಂಗಾಳಿ, ಒಡಿಯಾ ಭಾಷೆಗಳಲ್ಲಿ ವಿವರಣೆಯನ್ನು ಮೊದಲೇ ಓದಿಸಿ, ಧ್ವನಿಮುದ್ರಿಸಿ ಮೊಬೈಲಿನಲ್ಲಿಟ್ಟುಕೊಂಡೆ. ಸಾಕ್ಷಿಗೆ ಆಸ್ಪತ್ರೆಯ ನಂಟಿಲ್ಲದ, ಆ ಭಾಷೆಗಳು ಬಲ್ಲ ವಿದ್ಯಾರ್ಥಿಗಳನ್ನು ಹೊರಗಿನಿಂದ ಕರೆತಂದೆ. ವೈದ್ಯರ ಕೋಣೆಗೆ ಹೋಗುವ ಮೊದಲೇ, ಬೆಂಚಿನ ಮೇಲೆ ಕೂತಿರುವಾಗ ಇದು ಮುಗಿಯುತ್ತಿತ್ತು.

ಆಯಾಗಳ ಒಪ್ಪಿಗೆ ಇನ್ನೂ ಸೂಕ್ಷ್ಮ. ಅವರು ಗುತ್ತಿಗೆಯವರು, ತಮ್ಮ ತಪ್ಪು ಹಿಡಿದು ಮೇಸ್ತ್ರಿಗೆ ಹೇಳುತ್ತೇನೆಂಬ ಅನುಮಾನ ಅವರಿಗೆ ಸಹಜ. ಧ್ವನಿಮುದ್ರಣವನ್ನು ಆಸ್ಪತ್ರೆಯ ಯಾರಿಗೂ ಕೇಳಿಸುವುದಿಲ್ಲ ಎಂದು ಬರೆದುಕೊಟ್ಟ ಮೇಲೂ ಒಬ್ಬರು ಒಪ್ಪಲಿಲ್ಲ. ನಾನು ಬಲವಂತ ಮಾಡಲಿಲ್ಲ.

ವಿಡಿಯೋ ಬೇಡವೆಂದು ನಾನೇ ಬಿಟ್ಟೆ, ರೋಗಿಯ ಮೈ ಪರೀಕ್ಷೆ ನಡೆಯುವ ಜಾಗವದು. ಮೇಜಿನ ಮೇಲೊಂದು ರೆಕಾರ್ಡರ್, ಆಯಾಳ ಸೆರಗಿಗೆ ಸಿಕ್ಕಿಸಿದ ಸಣ್ಣ ಮೈಕ್ ಒಂದು. ಟೋಕನ್ ಕೂಗುವ ಸದ್ದಿನಲ್ಲಿ ಮೇಜಿನ ರೆಕಾರ್ಡರ್ ಒಂದೇ ಆಗಿದ್ದರೆ ಅರ್ಧ ಮಾತು ನೀರುಪಾಲಾಗುತ್ತಿತ್ತು. ಯಾರು ಯಾರ ಮುಖ ನೋಡಿ ಮಾತಾಡುತ್ತಾರೆ ಎಂಬುದನ್ನು ಮೂಲೆಯಲ್ಲಿ ಕೂತು ಕೈಯಲ್ಲೇ ಬರೆದುಕೊಂಡೆ.

ಬರಹಕ್ಕಿಳಿಸುವ ಕೆಲಸವೇ ಜೀವ ಹಿಂಡಿದ್ದು. ನೆದರ್‌ಲ್ಯಾಂಡ್ಸ್‌ನ ನೈಮೇಗನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಎಲಾನ್ ಎಂಬ ಉಚಿತ ತಂತ್ರಾಂಶದಲ್ಲಿ ಪ್ರತಿಯೊಬ್ಬ ಮಾತುಗಾರರಿಗೂ ಒಂದೊಂದು ಸಾಲು ಕೊಡಬಹುದು. ಮೂವರ ಮಾತು ಸಮಯಕ್ಕೆ ಸರಿಯಾಗಿ ಒಂದರ ಕೆಳಗೊಂದು ಕೂರುತ್ತದೆ. ಮಾತಿನ ಮೇಲೆ ಮಾತು ಬಿದ್ದದ್ದು, ನಡುವಿನ ಮೌನ ಇವಕ್ಕೆ ಮಾತುಕತೆಯ ವಿಶ್ಲೇಷಕಿ ಗೇಲ್ ಜೆಫರ್ಸನ್ ರೂಪಿಸಿದ ಗುರುತುಗಳನ್ನು ಬಳಸಿದೆ. ಶಿವಾಜಿನಗರದ ಆಯಾಳದು ದಖನಿ, ಅಂದರೆ ದಕ್ಷಿಣದ ಉರ್ದು. ‘ಕಾಯ್ಕು’ (ಏಕೆ), ‘ನಕ್ಕೋ’ (ಬೇಡ) ಎನ್ನುವ ಆಕೆಯ ಮಾತನ್ನು ಬಿಹಾರದ ದರ್ಭಂಗಾದ ರೋಗಿ ಹೊಂದಿಸಿಕೊಂಡೇ ಕೇಳಬೇಕು. ಅದನ್ನು ಶುದ್ಧ ಹಿಂದಿಗೆ ತಿದ್ದಿ ಬರೆದಿದ್ದರೆ ಆತ ಎರಡೆರಡು ಸಲ ‘ಕ್ಯಾ?’ ಎಂದದ್ದಕ್ಕೆ ಕಾರಣವೇ ಕಾಣುತ್ತಿರಲಿಲ್ಲ.

ವಿಶ್ಲೇಷಣೆಗೆ ಮೊದಲು ತೆಗೆದುಕೊಂಡದ್ದು ಹಳೆಯ ದಾರಿ. ಹೆನ್ರಿ ಬಾರಿಕ್ 1971ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಏಕಕಾಲಿಕ ಭಾಷಾಂತರದ (ಮೂಲ ಮಾತು ನಡೆಯುತ್ತಿರುವಾಗಲೇ ದಾಟಿಸುವುದರ) ಲೋಪ, ಸೇರ್ಪಡೆ, ತಪ್ಪುಗಳನ್ನು ವಿಂಗಡಿಸಿದ್ದರು. ಮೂಲದ ವಾಕ್ಯ ಒಂದು ಕಡೆ, ದುಭಾಷಿಯ ವಾಕ್ಯ ಇನ್ನೊಂದು ಕಡೆ ಇಟ್ಟು ಎಣಿಸುವುದು. ಹೊಟ್ಟೆನೋವಿನ ರೋಗಿಯೊಬ್ಬನ ಮಾತುಕತೆಯನ್ನು ಹೀಗೆ ಎಣಿಸಿ ನೋಡಿ. ನೋವು ಊಟಕ್ಕೆ ಮೊದಲೋ ನಂತರವೋ ಎಂದು ವೈದ್ಯರು ಕೇಳಿದರು. ರೋಗಿ ಉದ್ದಕ್ಕೆ ಹೇಳಿದ: ಬೆಳಿಗ್ಗೆ ಬರೀ ಚಹಾ, ಆಗ ಉರಿ ಶುರು, ಊಟ ರಾತ್ರಿಗೇ, ಬೆನ್ನುನೋವಿಗೆಂದು ಮೆಡಿಕಲ್ ಸ್ಟೋರಿನವರು ಕೊಟ್ಟ ಮಾತ್ರೆಯನ್ನು ದಿನಾ ನುಂಗುತ್ತಾನೆ. ಆಯಾ ಹೇಳಿದ್ದು ‘ಖಾಲಿ ಹೊಟ್ಟೆಯಲ್ಲಿ ಉರಿ ಅಂತೆ’ ಎಂದಷ್ಟೇ. ಪಟ್ಟಿಯಲ್ಲಿ ಲೋಪ ಎಂದು ಗುರುತು. ಮುಂದೆ ವೈದ್ಯರು ಮದ್ಯಪಾನದ ಬಗ್ಗೆ ಕೇಳಿದಾಗ, ರೋಗಿ ಬಾಯಿ ತೆರೆಯುವ ಮೊದಲೇ, ಮಾತ್ರೆಯ ಸಂಗತಿಯನ್ನು ಆಯಾ ತಾನಾಗಿ ಎತ್ತಿದರು. ಪಟ್ಟಿಯಲ್ಲಿ ಸೇರ್ಪಡೆ ಎಂದು ಇನ್ನೊಂದು ಗುರುತು. ಎರಡು ದೋಷ!

ಎಲಾನ್‌ನ ಸಾಲುಗಳು ಹೇಳಿದ್ದೇ ಬೇರೆ. ಆಯಾ ‘ಉರಿ’ ಎನ್ನುವಷ್ಟರಲ್ಲಿ ವೈದ್ಯರ ಮುಂದಿನ ಪ್ರಶ್ನೆ ಅದರ ಮೇಲೆ ಬಿದ್ದಿತ್ತು. ವೈದ್ಯರಿಗೂ ಹಿಂದಿ ಅರೆಬರೆ ಬರುತ್ತದೆ, ಹಾಗಾಗಿ ಅವರು ಕಾಯಲಿಲ್ಲ. ಜಾಗ ಸಿಗದ ಮಾತನ್ನು ಆಯಾ ನೆನಪಿನಲ್ಲಿಟ್ಟುಕೊಂಡು, ಜಾಗ ಸಿಕ್ಕಾಗ ದಾಟಿಸಿದ್ದರು. ನೋವಿನ ಮಾತ್ರೆ ಹೊಟ್ಟೆಹುಣ್ಣಿಗೆ ಕಾರಣವಾಗಬಲ್ಲದ್ದರಿಂದ ಆ ಸಮಾಲೋಚನೆಯಲ್ಲಿ ಅದೇ ಮುಖ್ಯ ಮಾಹಿತಿ. ಆಯಾಗೆ ಆ ತುಣುಕನ್ನು ಕೇಳಿಸಿ ವಿಚಾರಿಸಿದೆ. ‘ಸಾಹೇಬರು ಚೀಟಿ ಬರೆಯಲು ಪೆನ್ನು ತೆಗೆದರು, ಇನ್ನು ಹೇಳದಿದ್ದರೆ ಆಗುವುದಿಲ್ಲ ಅನಿಸಿತು’ ಎಂದರು.

ಅಲ್ಲಿಂದ ಮುಂದೆ ನಾನು ನೆಚ್ಚಿಕೊಂಡದ್ದು ಸ್ವೀಡನ್ನಿನ ಸಂಶೋಧಕಿ ಸೆಸಿಲಿಯಾ ವಾಡೆನ್ಶ್ಯೋ 1998ರಲ್ಲಿ ಮುಂದಿಟ್ಟ ನೋಟವನ್ನು. ಸ್ವೀಡಿಷ್–ರಷ್ಯನ್ ಸಂದರ್ಶನಗಳನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದ ಆಕೆ, ದುಭಾಷಿ ಮಾತು ದಾಟಿಸುವುದರ ಜೊತೆಗೆ ಮಾತಿನ ಸರದಿಯನ್ನೂ ನಿಭಾಯಿಸುತ್ತಾರೆ ಎಂದು ತೋರಿಸಿದರು. ವಾಕ್ಯಕ್ಕೆ ಬದಲು ಮೂವರ ಒಂದು ಪೂರ್ತಿ ಮಾತಿನ ಸುತ್ತನ್ನು ಘಟಕ ಮಾಡಿಕೊಂಡೆ. ನನ್ನಂತೆಯೇ ಸುತ್ತುಗಳನ್ನು ಗುರುತಿಸಲು ಇನ್ನೊಬ್ಬರಿಗೂ ಅದೇ ಬರಹ ಕೊಟ್ಟು, ನಮ್ಮಿಬ್ಬರ ಹೊಂದಿಕೆಯನ್ನು ಕೋಹೆನ್‌ನ ಕಪ್ಪಾ ಸೂತ್ರದಿಂದ ಅಳೆದೆ; ಆಕಸ್ಮಿಕ ಹೊಂದಿಕೆಯನ್ನು ಕಳೆದು ಉಳಿದದ್ದನ್ನು ಲೆಕ್ಕ ಹಾಕುವ ಸೂತ್ರವದು. ಮೊದಲಿಗೆ ಹೊಂದಿಕೆ ಕಡಿಮೆ ಬಂತು. ಸುತ್ತು ಎಲ್ಲಿ ಮುಗಿಯುತ್ತದೆ ಎಂಬುದಕ್ಕೆ ಇಬ್ಬರೂ ಲಿಖಿತ ನಿಯಮ ಮಾಡಿಕೊಂಡ ಮೇಲೆ ಸುಧಾರಿಸಿತು. ಲೋಪಗಳ ಎಣಿಕೆಯನ್ನು ಎಸೆದಿಲ್ಲ. ನಂತರವೂ ದಾಟದೇ ಹೋದ ಮಾತು ಯಾವುದು, ತಡವಾಗಿ ದಾಟಿದ್ದು ಯಾವುದು ಎಂದು ಎರಡು ಕಾಲಮ್ ಮಾಡಿದ್ದೇನೆ, ಅಷ್ಟೇ.

ಈಗ ಇದೇ ಕ್ರಮವನ್ನು ನ್ಯಾಯಾಲಯಕ್ಕೆ ಒಯ್ಯಲು ನೋಡುತ್ತಿದ್ದೇನೆ. 1969ರ ಪ್ರಮಾಣವಚನ ಕಾಯ್ದೆಯಂತೆ ಅಲ್ಲಿನ ದುಭಾಷಿ ಪ್ರಮಾಣ ಮಾಡಿಯೇ ಮಾತಾಡಬೇಕು. ನಾನಾಗಿ ರೆಕಾರ್ಡರ್ ಒಯ್ದು ಇಡುವಂತಿಲ್ಲ, ಮಾತಿನ ಮೇಲೆ ಬಿದ್ದ ಮಾತನ್ನು ಕೈಬರಹದಲ್ಲೇ ಹಿಡಿಯಬೇಕು. ಶೀಘ್ರಲಿಪಿಯ ತರಗತಿಗೆ ಸೇರಿದ್ದೇನೆ.