ಪ್ಲೇಯರ್ ಕೊಳ್ಳುವ ಮುಂಚೆ ಹಾಡಿನ ಬಾಲ ನೋಡಿ

ಕೊಪ್ಪಳ, ಗಂಗಾವತಿ, ರಾಯಚೂರು, ಯಾವ ಊರಿನ ಮೊಬೈಲ್ ಅಂಗಡಿಯಾದರೂ ಸರಿ, ಹಾಡಿನ ಪ್ಲೇಯರ್ ಕೊಳ್ಳಲು ಬಂದವರು ಮೊದಲು ಕೇಳುವುದು ‘ಎಷ್ಟು ಜಿಬಿ ಐತ್ರಿ?’ ಆಮೇಲೆ ರೇಟು. ಮನೆಗೆ ಒಯ್ದು ಕಂಪ್ಯೂಟರಿನಿಂದ ಹಾಡು ತುಂಬಿದರೆ ಅರ್ಧ ಹಾಡುತ್ತವೆ, ಅರ್ಧ ಹಾಡುವುದಿಲ್ಲ. ಮರುದಿನ ಅಂಗಡಿಯವನ ಜತೆ ಜಗಳ.

ಮೊದಲ ಕೆಲಸ ಮನೆಯಲ್ಲೇ ಇದೆ. ಕಂಪ್ಯೂಟರಿನಲ್ಲಿ ಹಾಡುಗಳ ಫೋಲ್ಡರ್ ತೆರೆದು, ವ್ಯೂ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಎಂಬುದಕ್ಕೆ ಟಿಕ್ ಹಾಕಿ. ಪ್ರತಿ ಹಾಡಿನ ಹೆಸರಿಗೂ ಚುಕ್ಕಿಯ ನಂತರ ಒಂದು ಬಾಲ ಕಾಣುತ್ತದೆ, ಅದು ಯಾವ ನಮೂನೆಯ ಫೈಲ್ ಎಂದು ಹೇಳುವುದು ಈ ಬಾಲವೇ. ಎಂಪಿ3 ಎಂದಿದ್ದರೆ ಚಿಂತೆಯಿಲ್ಲ, ಅದನ್ನು ಹಾಡದ ಪ್ಲೇಯರ್ ಇಲ್ಲ. ತಕರಾರು ಉಳಿದವುಗಳದ್ದು. ಸಿದ್ಧರಾಮ ಜಂಬಲದಿನ್ನಿಯವರ ವಚನಗಳ ಸಿಡಿಯನ್ನು ಹಿಂದೆ ವಿಂಡೋಸ್ ಮೀಡಿಯಾ ಪ್ಲೇಯರಿನಲ್ಲಿ ಇಳಿಸಿಕೊಂಡಿದ್ದರೆ ಅವು ಡಬ್ಲ್ಯುಎಂಎ ಆಗಿರುವ ಸಂಭವ ಹೆಚ್ಚು. ಹಳೆಯ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಮಾಡಿದ ಭಜನೆ ಎಎಂಆರ್. ಈಗಿನ ಎಷ್ಟೋ ಫೋನುಗಳ ರೆಕಾರ್ಡಿಂಗ್ ಎಂ4ಎ. ವಾಟ್ಸಾಪಿನಲ್ಲಿ ಬಂದ ದನಿ ಓಪಸ್. ಅಗ್ಗದ ಪ್ಲೇಯರುಗಳು ಎಎಂಆರ್, ಓಪಸ್ ಎರಡನ್ನೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಎಂ4ಪಿ ಕಂಡರೆ ಅದು ಆ್ಯಪಲ್ ಬೀಗ ಹಾಕಿದ ಹಾಡು, ಬೇರೆ ಕಂಪನಿಯ ಪ್ಲೇಯರಿನಲ್ಲಿ ನಡೆಯದು. ತಿಂಗಳ ಚಂದಾ ಕಟ್ಟಿ ಆ್ಯಪಿನಲ್ಲಿ ‘ಡೌನ್‌ಲೋಡ್’ ಮಾಡಿಟ್ಟ ಹಾಡುಗಳನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ, ಅವು ಆ ಆ್ಯಪ್ ಬಿಟ್ಟು ಹೊರಗೆ ಬರುವುದಿಲ್ಲ.

ಹಾಡದ ಬಾಲಗಳು ನಾಲ್ಕಾರು ಮಾತ್ರ ಇದ್ದರೆ ಅದಕ್ಕಾಗಿ ದುಬಾರಿ ಪ್ಲೇಯರ್ ಬೇಡ. ಪುಕ್ಕಟೆ ಸಿಗುವ ತಂತ್ರಾಂಶಗಳಾದ ವಿಎಲ್‌ಸಿಯಲ್ಲೋ ಆಡಾಸಿಟಿಯಲ್ಲೋ ಎಂಪಿ3 ಮಾಡಿಕೊಳ್ಳಿ. ಇಂಟರ್ನೆಟ್ಟಿನಲ್ಲಿ ‘ಒಂದೇ ಕ್ಲಿಕ್’ ಎಂದು ಕರೆಯುವ ತಾಣಗಳ ಕಡೆ ಹೋಗಬೇಡಿ, ಹಾಡಿಗಿಂತ ಮೊದಲು ಜಾಹೀರಾತು ಇಳಿಯುತ್ತವೆ. ಭಜನೆ, ಪ್ರವಚನಕ್ಕೆ 128 ಕೆಬಿಪಿಎಸ್ (ಸೆಕೆಂಡಿಗೆ ಎಷ್ಟು ಮಾಹಿತಿ ಎಂಬ ಅಳತೆ) ಧಾರಾಳವಾಯಿತು: ನಿಮಿಷಕ್ಕೆ ಸುಮಾರು 1 ಎಂಬಿ, ಅಂದರೆ 8 ಜಿಬಿಯಲ್ಲಿ 130 ಗಂಟೆ. ಎಂಪಿ3 ಇದ್ದದ್ದನ್ನು ಫ್ಲ್ಯಾಕ್ (ದನಿಯ ಗುಣ ಕಳೆಯದೆ ಇಡುವ ದೊಡ್ಡ ಫೈಲ್) ಮಾಡಿದರೆ ದನಿ ಸುಧಾರಿಸುವುದಿಲ್ಲ, ಜಾಗ ಮಾತ್ರ ತುಂಬುತ್ತದೆ. ಮೂಲ ಫ್ಲ್ಯಾಕ್ ಇದ್ದರೆ ಅದನ್ನು ಅಳಿಸದೆ ಕಂಪ್ಯೂಟರಿನಲ್ಲೇ ಇಡಿ.

ಇನ್ನು ಕಂಪ್ಯೂಟರ್. ವಿಂಡೋಸ್ ಆದರೆ ಹೆಚ್ಚು ಯೋಚಿಸಬೇಕಿಲ್ಲ. ಮ್ಯಾಕ್ ಇದ್ದವರು ಪೆನ್‌ಡ್ರೈವ್ ಹಾಗೆ ತೆರೆದುಕೊಳ್ಳುವ, ಡಬ್ಬಿಯ ಮೇಲೆ ‘ಮಾಸ್ ಸ್ಟೋರೇಜ್’ ಎಂದಿರುವ ಪ್ಲೇಯರನ್ನೇ ಕೇಳಿ. ಫೈಲು ಸಾಗಿಸುವ ಇನ್ನೊಂದು ಪದ್ಧತಿಯಾದ ಎಂಟಿಪಿ ಮಾತ್ರ ಇರುವ ಪ್ಲೇಯರ್ ಮ್ಯಾಕಿನಲ್ಲಿ ತಾನಾಗಿ ಕಾಣಿಸಿಕೊಳ್ಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಐಪಾಡ್ ಬೇಡವೇ ಬೇಡ. ಆ್ಯಪಲ್ 2022ರಲ್ಲೇ ಅದನ್ನು ನಿಲ್ಲಿಸಿತು. ಸಿಗುವುದೆಲ್ಲ ಹಳೆಯ ಬ್ಯಾಟರಿ, ಸಾಲದ್ದಕ್ಕೆ ಹಾಡು ತುಂಬಲು ಅದರದೇ ತಂತ್ರಾಂಶ ಬೇಕು. ಪ್ಲೇಯರ್ ಚಾರ್ಜ್ ಆಗುತ್ತಿದ್ದೂ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಮೊದಲು ಕೇಬಲ್ ಬದಲಿಸಿ ನೋಡಿ. ಬರೀ ಚಾರ್ಜಿಂಗ್ ಕೇಬಲ್‌ಗಳೂ ಇರುತ್ತವೆ.

ಮೆಮೊರಿ ಕಾರ್ಡ್ 32 ಜಿಬಿಗೆ ನಿಲ್ಲಿಸಿ ಎಂಬುದು ನನ್ನ ಖಡಾಖಂಡಿತ ಮಾತು. 64 ಜಿಬಿ ಕಾರ್ಡುಗಳು ಫೈಲುಗಳನ್ನು ಜೋಡಿಸಿಡುವ ಎಕ್ಸ್‌ಫ್ಯಾಟ್ ಎಂಬ ಪದ್ಧತಿಯಲ್ಲಿ ಬರುತ್ತವೆ, ಕಡಿಮೆ ಬೆಲೆಯ ಪ್ಲೇಯರುಗಳಲ್ಲಿ ಬಹಳಷ್ಟಕ್ಕೆ ಹಳೆಯ ಪದ್ಧತಿಯಾದ ಫ್ಯಾಟ್32 ಬಿಟ್ಟು ಬೇರೆ ಓದಲು ಬರುವುದಿಲ್ಲ. ಸಂತೆಯಲ್ಲಿ ಇನ್ನೂರು ರೂಪಾಯಿಗೆ ‘1 ಟಿಬಿ’ ಕಾರ್ಡ್ ಸಿಕ್ಕರೆ ಅಲ್ಲೇ ಬಿಟ್ಟು ಬನ್ನಿ. ಅನುಮಾನದ ಕಾರ್ಡ್ ಆಗಲೇ ಮನೆಗೆ ಬಂದಿದ್ದರೆ ಎಚ್2ಟೆಸ್ಟ್‌ಡಬ್ಲ್ಯು ಎಂಬ ಪುಕ್ಕಟೆ ತಂತ್ರಾಂಶ ಅದರ ನಿಜವಾದ ಅಳತೆ ಹೇಳುತ್ತದೆ.

ಅಂಗಡಿಗೆ ಹೋಗುವಾಗ ನಿಮ್ಮದೇ ಕಾರ್ಡಿನಲ್ಲಿ ಪ್ರತಿ ಬಾಲದ ಒಂದೊಂದು ಹಾಡು ಹಾಕಿಕೊಂಡು ಹೋಗಿ. ಒಂದರ ಹೆಸರು ಕನ್ನಡ ಅಕ್ಷರದಲ್ಲಿರಲಿ. ಅಂಗಡಿಯವನು ‘ಎಲ್ಲಾ ಹಾಡತೈತ್ರಿ ಸರ’ ಎಂದರೆ ತಲೆಯಾಡಿಸಿ, ಕಾರ್ಡ್ ಹಾಕಿ ಅವನ ಎದುರೇ ಹಾಡಿಸಿ. ಕನ್ನಡದ ಹೆಸರು ಚೌಕದ ಡಬ್ಬಿಗಳಾಗಿ ಕಂಡರೆ ಫೈಲಿಗೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರಿಟ್ಟುಕೊಳ್ಳಬಹುದು, ಅದಕ್ಕಾಗಿ ಪ್ಲೇಯರ್ ಬಿಡಬೇಕಿಲ್ಲ. ಹಾಡಲಿಲ್ಲವಾದರೆ ಮುಂದಿನ ಅಂಗಡಿ.