ಬಟ್ಟಲು ತುಂಬಾ ಬರೀ ಹೊಟ್ಟು: ಸೊರಗಿದ ಫಿಂಚ್‌ಗಳನ್ನು ಸಾಕುವುದು ಹೇಗೆ

ಹೋದ ಕಾರ್ತಿಕದಲ್ಲಿ ಮಹಡಿ ಮೇಲಿನ ಬಾಡಿಗೆಯವರು ಮನೆ ಖಾಲಿ ಮಾಡುವಾಗ "ಅಕ್ಕ, ಇವನ್ನ ನೀವೇ ಇಟ್ಕೊಳ್ಳಿ" ಎಂದು ಒಂದು ಪಂಜರ ಕೊಟ್ಟು ಹೋದರು. ಒಳಗೆ ನಾಲ್ಕು ಜೀಬ್ರಾ ಫಿಂಚ್, ಗುಬ್ಬಿಗಿಂತ ಚಿಕ್ಕ, ಕಾಳು ತಿನ್ನುವ ಹಕ್ಕಿಗಳು. ಕಾಳಿನ ಬಟ್ಟಲು ತುಂಬಿತ್ತು. ಸುಮ್ನೆ ಒಮ್ಮೆ ಊದಿದೆ. ಹೊಟ್ಟೆಲ್ಲ ಹಾರಿ ತಳ ಕಂಡಿತು. ಒಂದು ಕಾಳೂ ಇರಲಿಲ್ಲ.

ಫಿಂಚ್ ಸಿಪ್ಪೆ ಬಿಡಿಸಿ ಒಳಗಿನ ಕಾಳಷ್ಟೇ ತಿನ್ನುತ್ತದೆ. ಸಿಪ್ಪೆ ಬಟ್ಟಲಲ್ಲೇ ಉಳಿಯುತ್ತದೆ. ನೋಡುವವರಿಗೆ ಬಟ್ಟಲು ತುಂಬಿದ ಹಾಗೇ ಕಾಣುತ್ತದೆ. 10–15 ಗ್ರಾಂ ತೂಗುವ ಜೀವಕ್ಕೆ ಒಂದು ದಿನದ ಉಪವಾಸವೂ ಅಪಾಯ. ಹಾಗಾಗಿ ದಿನಾ ಬೆಳಿಗ್ಗೆ ಹೊಟ್ಟು ಊದಿ, ಸಿಪ್ಪೆ ತೆಗೆಯದ ನವಣೆ, ಸಾಮೆ ಹಾಕಿ. ನೀರು ಬದಲಿಸಿ.

ಮೊದಲ ದಿನ ಇಷ್ಟೇ ಸಾಕು. ಹಿಡಿಯಬೇಡಿ. ಪಂಜರವನ್ನು ಗೋಡೆಗೆ ಒತ್ತಿಸಿಟ್ಟು ಮೂರು ಬದಿ ಬಟ್ಟೆ ಮುಚ್ಚಿ. ಅಡುಗೆಮನೆಯಲ್ಲಂತೂ ಬೇಡ, ಕಾದ ನಾನ್‌ಸ್ಟಿಕ್ ತವಾದ ಹೊಗೆ ಹಕ್ಕಿಯನ್ನು ಕೊಲ್ಲುತ್ತದೆ. ಗರಿ ಉಬ್ಬಿಸಿ ಕೂತಿದ್ದರೆ ಅದಕ್ಕೆ ಚಳಿಯೋ ಕಾಯಿಲೆಯೋ ಇರಬಹುದು, ಬಿಸಿ ಬೇಕು. ಪಂಜರದ ಹೊರಗೆ, ಒಂದೇ ಬದಿಗೆ, 40 ವ್ಯಾಟಿನ, ಬಿಸಿಯಾಗುವ ಹಳೇ ಕಾಲದ ತಂತಿ ಬಲ್ಬ್ ಹಚ್ಚಿಡಿ. ಬಿಸಿ ಜಾಸ್ತಿಯಾದರೆ ಹಕ್ಕಿಯೇ ಆಚೆ ಬದಿಗೆ ಸರಿಯುತ್ತದೆ. ಮನೆಯಲ್ಲಿ ಬೇರೆ ಹಕ್ಕಿಗಳಿದ್ದರೆ ಇವನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿಡಿ.

ಉಸಿರಿನ ಮೇಲೆ ಕಣ್ಣಿಡಿ. ಉಸಿರಿಗೊಮ್ಮೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಟಿಕ್ ಟಿಕ್ ಸದ್ದು ಬಂದರೆ, ಅವತ್ತೇ ಹಕ್ಕಿ ನೋಡುವ ಪಶುವೈದ್ಯರ ಹತ್ತಿರ ಹೋಗಿ. ಉಸಿರುಚೀಲದಲ್ಲಿ ನುಸಿ ಸೇರಿರಬಹುದು. ಅದರ ಔಷಧಿಯನ್ನು ಹನಿ ಲೆಕ್ಕದಲ್ಲಿ, ತೂಕ ನೋಡಿಯೇ ಕೊಡಬೇಕು. ನೀವೇ ಅಂದಾಜಿನಲ್ಲಿ ಹಾಕಬೇಡಿ.

ಆಮೇಲೆ ಕಾಲು ನೋಡಿ. ನಮ್ಮ ಹೆಣ್ಣೊಂದು ಸದಾ ಒಂಟಿ ಕಾಲಲ್ಲಿ ನಿಲ್ಲುತ್ತಿತ್ತು. ಗೂಡಿನ ಮಡಕೆಯ ನಾರಿನ ಎಳೆ ಬೆರಳಿಗೆ ಸುತ್ತಿ, ಬೆರಳು ಊದಿತ್ತು. ದೀಪ ಆರಿಸಿ ಹಿಡಿದರೆ ಹಕ್ಕಿ ಅಷ್ಟು ಹೆದರುವುದಿಲ್ಲ. ತೋರುಬೆರಳು, ನಡುಬೆರಳಿನ ನಡುವೆ ಕತ್ತು ಇರಲಿ. ಎದೆ ಒತ್ತಬಾರದು, ಎದೆ ಅಲುಗಾಡದಿದ್ದರೆ ಹಕ್ಕಿಗೆ ಉಸಿರೇ ಆಡುವುದಿಲ್ಲ. ಎಳೆ ಸಡಿಲವಿದ್ದರೆ ಸಣ್ಣ ಕತ್ತರಿಯಿಂದ ಬಿಡಿಸಬಹುದು. ನಮ್ಮದರಲ್ಲಿ ಮಾಂಸದೊಳಗೆ ಹೋಗಿತ್ತು, ವೈದ್ಯರೇ ತೆಗೆದರು. ಬೆರಳ ತುದಿ ಹೋಯಿತು, ಕಾಲು ಉಳಿಯಿತು.

ಸುರುಳಿ ಸುತ್ತಿದ ಉಗುರನ್ನು ಬೆಳಕಿಗೆ ಹಿಡಿದರೆ ಕೆಂಪು ನರ ಕಾಣುತ್ತದೆ. ಅದಕ್ಕೆ ತಾಗದಂತೆ ತುದಿ ಮಾತ್ರ ಕತ್ತರಿಸಿ. ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಹಿಡಿಯಿರಿ.

ಗೂಡಿನ ಮಡಕೆ ತೆಗೆದುಬಿಡಿ. ಅದು ಇರುವ ತನಕ ಹೆಣ್ಣು ಮೊಟ್ಟೆ ಇಡುತ್ತಲೇ ಸೊರಗುತ್ತದೆ. ಮೊಟ್ಟೆಯಿಟ್ಟು ಕಳೆದ ಸುಣ್ಣದಂಶ ತುಂಬಲು ಕೋಳಿಮೊಟ್ಟೆಯ ಚಿಪ್ಪು ಕುದಿಸಿ, ಒಣಗಿಸಿ, ಪುಡಿ ಮಾಡಿ ತಿನ್ನಲು ಇಡಿ.

"ಬಿಟ್ಬಿಡಿ, ಪುಣ್ಯ ಬರುತ್ತೆ" ಅನ್ನುವವರು ಇರುತ್ತಾರೆ. ದಯವಿಟ್ಟು ಬಿಡಬೇಡಿ. ಇವು ಆಸ್ಟ್ರೇಲಿಯಾ ಮೂಲದವು, ತಲೆಮಾರುಗಳಿಂದ ಪಂಜರದಲ್ಲೇ ಹುಟ್ಟಿದವು. ಬಿಟ್ಟರೆ ಕಾಗೆಗಳ ಪಾಲು. ಆದರೆ ಪಂಜರದಲ್ಲಿ ನಮ್ಮ ನಾಡಿನ ರಾಟವಾಳ, ಅಂದರೆ ಮುನಿಯ ಇದ್ದರೆ ಮಾತು ಬೇರೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅವನ್ನು ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಗೆ ಪಂಜರ. ಎತ್ತರಕ್ಕಿಂತ ಉದ್ದ ಮುಖ್ಯ. ಸಮನಾದ ಪ್ಲಾಸ್ಟಿಕ್ ಕೋಲು ತೆಗೆದು, ತೊಳೆದು ಒಣಗಿಸಿದ ಸೀಬೆ ಕೊಂಬೆ ಹಾಕಿ. ನಮ್ಮವು ಮೊದಲು ಒಂದಡಿ ಹಾರಿದರೂ ಏದುಸಿರು ಬಿಡುತ್ತಿದ್ದವು. ವಾರಕ್ಕೊಮ್ಮೆ ಕೊಂಬೆಗಳನ್ನು ನಾಲ್ಕು ಬೆರಳಿನಷ್ಟು ದೂರ ಸರಿಸುತ್ತಾ ಬಂದೆ. ಈಗ ನಡುವೆ ಮೂರಡಿ ಇದೆ, ನಾಲ್ಕೂ ಹಾರುತ್ತವೆ.